ಹಳೆಯ ಹಾಯಿದೋಣಿಯ ಹೈಡ್ರಾಲಿಕ್ ಸ್ಟಿಯರಿಂಗ್: ವೀಲ್ ಜಾರುತ್ತದೆಂದು ಪಂಪ್ ಬದಲಿಸಬೇಡಿ

ಹೈಡ್ರಾಲಿಕ್ ಸ್ಟಿಯರಿಂಗ್‌ನಲ್ಲಿ ವೀಲ್ ತಿರುಗಿಸಿದರೆ ಅದರ ಹಿಂದಿನ ಹೆಲ್ಮ್ ಪಂಪ್ ಎಣ್ಣೆಯನ್ನು ಸಿಲಿಂಡರಿಗೆ ತಳ್ಳುತ್ತದೆ, ಸಿಲಿಂಡರ್ ಚುಕ್ಕಾಣಿಯನ್ನು (ದೋಣಿಯನ್ನು ತಿರುಗಿಸುವ, ನೀರಿನೊಳಗಿನ ಹಲಗೆ) ಹೊರಳಿಸುತ್ತದೆ. ವರ್ಷಗಟ್ಟಲೆ ಬಳಸಿದ ಮೇಲೆ ಈ ಸ್ಟಿಯರಿಂಗ್ ಬಗ್ಗೆ ಉಳಿಯುವ ದೊಡ್ಡ ದೂರು ಒಂದೇ, ವೀಲ್ ಜಾರುವುದು. ವೀಲಿನ ನಡುಗುರುತು (ಚುಕ್ಕಾಣಿ ನೇರವಿದ್ದಾಗ ಮೇಲಿರಬೇಕಾದ ಗುರುತು) ದಿನಕ್ಕಿಷ್ಟು ಪಕ್ಕಕ್ಕೆ ಸರಿದರೆ ಚಿಂತೆ ಬೇಡ, ಹೈಡ್ರಾಲಿಕ್‌ನಲ್ಲಿ ಅದು ಇದ್ದದ್ದೇ. ಚುಕ್ಕಾಣಿ ಕೊನೆ ಮುಟ್ಟಿದ ಮೇಲೂ ಒಂದು ಕೈಯ ಸಾಧಾರಣ ಬಲಕ್ಕೆ ವೀಲ್ ತಿರುಗುತ್ತಲೇ ಹೋದರೆ ಮಾತ್ರ ಎಣ್ಣೆ ಎಲ್ಲೋ ಅಡ್ಡದಾರಿ ಹಿಡಿದಿದೆ ಎಂದರ್ಥ.

ಇಲ್ಲಿ ಹೆಚ್ಚಿನವರು ನೇರವಾಗಿ ಹೆಲ್ಮ್ ಪಂಪಿಗೇ ಕೈ ಹಾಕುತ್ತಾರೆ. ದುಬಾರಿ ಭಾಗ ಅದು, ಅನ್ಯಾಯವಾಗಿ ಎಸೆಯಲ್ಪಡುವುದೂ ಅದೇ. ಮೊದಲು ಲಕ್ಷಣ ನೋಡಿ. ಅಲೆ ಬಡಿದಾಗ ವೀಲ್ ತಾನಾಗಿ ತಿರುಗಿದರೆ ಪಂಪಿನ ಚೆಕ್ ವಾಲ್ವ್ (ಎಣ್ಣೆ ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್) ಸೋರುತ್ತಿದೆ. ವೀಲ್ ಅಲುಗದೆ ಚುಕ್ಕಾಣಿ ಮಾತ್ರ ಸರಿದರೆ ಸಿಲಿಂಡರಿನ ಪಿಸ್ಟನ್ ಸೀಲ್ ಅಥವಾ ಬೈಪಾಸ್ ವಾಲ್ವ್ (ಸಿಲಿಂಡರಿನ ಎರಡೂ ಬದಿಯ ಎಣ್ಣೆಯನ್ನು ನೇರ ಸೇರಿಸುವ ವಾಲ್ವ್) ಸೋರುತ್ತಿದೆ. ಖಚಿತವಾಗಬೇಕೆಂದರೆ ಸಿಲಿಂಡರಿಗೆ ಹೋಗುವ ಎರಡೂ ಲೈನುಗಳನ್ನು ಮುಚ್ಚಿ ವೀಲ್ ತಿರುಗಿಸಿ. ಎರಡೂ ಕಡೆ ಗಟ್ಟಿಯಾಗಿ ನಿಂತರೆ ಪಂಪ್ ನಿರಪರಾಧಿ. ಆಟೋಪೈಲಟ್ ಪಂಪ್ ಇದೇ ಲೈನಿಗೆ ಸೇರಿದ್ದರೆ ಅದನ್ನೂ ಬೇರೆಯಾಗಿ ಮುಚ್ಚಿ ನೋಡಬೇಕು, ಅದರ ಒಳವಾಲ್ವ್ ಸೋರಿದರೂ ಲಕ್ಷಣ ಇದೇ.

ಬೈಪಾಸ್ ಇರುವುದು ತುರ್ತು ಟಿಲ್ಲರ್ (ಚುಕ್ಕಾಣಿಯನ್ನು ನೇರವಾಗಿ ಕೈಯಿಂದ ತಿರುಗಿಸುವ ಕೋಲು) ಹಾಕಿದಾಗ ಎಣ್ಣೆ ತಡೆಯಾಗದಿರಲಿ ಎಂದು. ಅದರ ತಿರುಪು ಸ್ವಲ್ಪ ಸಡಿಲವಾದರೂ ಸಾಕು, ವೀಲ್ ಜಾರುತ್ತದೆ. ಹಾಗಾಗಿ ಸೀಲ್ ಕಿಟ್ ತರಿಸುವ ಮೊದಲು ಅದನ್ನು ಬಿಗಿ ಮಾಡಿ ನೋಡಿ.

ಚೆಕ್ ವಾಲ್ವ್ ಅಂದರೆ ಒಂದು ಉಕ್ಕಿನ ಗುಂಡು, ಒಂದು ಸ್ಪ್ರಿಂಗ್, ಗುಂಡು ಕೂರುವ ಒಂದು ಸೀಟ್, ಅಷ್ಟೇ. ಗುಂಡಿಗೂ ಸೀಟಿಗೂ ನಡುವೆ ಟೆಫ್ಲಾನ್ ಟೇಪಿನ ಒಂದು ಎಳೆ ಸಿಕ್ಕಿಕೊಂಡರೆ ಇಡೀ ಸ್ಟಿಯರಿಂಗ್ ಕೆಡುತ್ತದೆ. ಆದ್ದರಿಂದ ಫಿಟ್ಟಿಂಗ್‌ಗಳಿಗೆ ಟೇಪ್ ಸುತ್ತಲೇಬಾರದು. ದ್ರವ ಸೀಲೆಂಟ್ ಬಳಸಿ, ಅದನ್ನೂ ತಿರುಪಿನ ಮೊದಲ ಒಂದೆರಡು ಸುತ್ತು ಬಿಟ್ಟು ಹಚ್ಚಿ. ವಾಲ್ವ್ ಬಿಚ್ಚಿದಾಗ ಭಾಗಗಳನ್ನು ಬಂದ ಕ್ರಮದಲ್ಲೇ ಜೋಡಿಸಿಟ್ಟುಕೊಂಡು ಹೊಸ ಹೈಡ್ರಾಲಿಕ್ ಎಣ್ಣೆಯಲ್ಲೇ ತೊಳೆಯಿರಿ. ಓ-ರಿಂಗ್ ಹೊಸದು ಹಾಕಿ. ಎಣ್ಣೆ ಖನಿಜ ಮೂಲದ್ದು, ಸಾಮಾನ್ಯವಾಗಿ ಐಎಸ್‌ಒ 15 ಅಥವಾ 22 (ಎಣ್ಣೆಯ ಸ್ನಿಗ್ಧತೆಯ ದರ್ಜೆ). ಕೈಪಿಡಿ ಹೇಳಿದ್ದೇ ಅಂತಿಮ. ಬ್ರೇಕ್ ಆಯಿಲ್ ಹಾಕಿದರೆ ನೈಟ್ರೈಲ್ ರಬ್ಬರಿನ ಸೀಲುಗಳು ಊದಿ ಹಾಳಾಗುತ್ತವೆ.

ಬಿಚ್ಚಿದ ಮೇಲೆ ಗಾಳಿ ತೆಗೆಯದೆ ಗತಿಯಿಲ್ಲ. ವೀಲ್ ಮೆತ್ತಗೆ ಅನಿಸಿ, ಬಿಟ್ಟ ಕೂಡಲೇ ಹಿಂದಕ್ಕೆ ಚಿಮ್ಮಿದರೆ ಗಾಳಿ ಇನ್ನೂ ಉಳಿದಿದೆ. ಸಿಲಿಂಡರಿನ ಬ್ಲೀಡ್ ನಿಪ್ಪಲ್ (ಗಾಳಿ ಹೊರಬಿಡುವ ತಿರುಪು) ಮೇಲ್ಮುಖವಾಗಿರಲಿ. ಅದಕ್ಕೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಒಬ್ಬರು ನಿಧಾನವಾಗಿ ಒಂದೇ ದಿಕ್ಕಿಗೆ ತಿರುಗಿಸುತ್ತಿರಬೇಕು, ಇನ್ನೊಬ್ಬರು ಗುಳ್ಳೆ ನಿಂತ ಮೇಲೆ ನಿಪ್ಪಲ್ ಮುಚ್ಚಬೇಕು, ಆಮೇಲೆ ಇನ್ನೊಂದು ಬದಿ. ಪಂಪಿಗೆ ಎಣ್ಣೆ ತುಂಬುವ ಮೇಲಿನ ಬಾಟಲಿ ಒಮ್ಮೆ ಬರಿದಾದರೆ ಇಡೀ ಕೆಲಸ ಮೊದಲಿನಿಂದ. ನೊರೆ ಬಂದ ಎಣ್ಣೆಯನ್ನು ಆಗಲೇ ವಾಪಸ್ ಸುರಿಯಬೇಡಿ.

ಇಷ್ಟಾದ ಮೇಲೆ ಈ ವ್ಯವಸ್ಥೆಯ ಮೇಲೆ ಪ್ರೀತಿಯೇ ಹುಟ್ಟುತ್ತದೆ. ಕೇಬಲ್ ಬಿಗಿಮಾಡುವ ರಗಳೆಯಿಲ್ಲ, ಕಿರಗುಟ್ಟುವಿಕೆಯಿಲ್ಲ, ಬಿಟ್ಟಲ್ಲೇ ವೀಲ್ ನಿಲ್ಲುತ್ತದೆ. ಹೊರಡುವ ಮುನ್ನದ ಉಪಚಾರವೂ ಹಿತವಾದದ್ದು: ಸಿಲಿಂಡರ್ ರಾಡನ್ನು ಶುಭ್ರ ಬಟ್ಟೆಯಿಂದ ಒರೆಸಿ ನೋಡುವುದು (ತೆಳುವಾದ ಪಸೆ ಸರಿ, ಹನಿ ತಪ್ಪು), ಪಂಪಿನ ಮುಚ್ಚಳ ಬಿಚ್ಚಿ ಎಣ್ಣೆ ಅಂಚಿನಿಂದ ಸುಮಾರು 12 ಮಿಲಿಮೀಟರ್ ಕೆಳಗಿದೆಯೇ ನೋಡುವುದು, ಆ ತುದಿಯಿಂದ ಈ ತುದಿಗೆ ಎಷ್ಟು ಸುತ್ತು ಎಂದು ಎಣಿಸುವುದು. ಸುತ್ತು ಹೆಚ್ಚಾದರೆ ಸೋರಿಕೆಯೋ ಗಾಳಿಯೋ ಶುರುವಾಗಿದೆ.

ಒಂದು ಕೊರತೆಗೆ ಮಾತ್ರ ರಿಪೇರಿಯಿಲ್ಲ. ವೀಲನ್ನು ಹಿಡಿದಿಡುವ ಅದೇ ಚೆಕ್ ವಾಲ್ವ್ ಚುಕ್ಕಾಣಿಯ ಮೇಲಿನ ಒತ್ತಡವನ್ನು ಕೈಗೆ ತಲುಪಲು ಬಿಡುವುದಿಲ್ಲ. ಹಾಗಾಗಿ ಬೀಸುವ ಗಾಳಿಗೆ ಹಾಯಿ ಅತಿಯಾಗಿದೆಯೇ ಎಂಬುದನ್ನು ಚುಕ್ಕಾಣಿ ಕೋನದ ಸೂಚಕ ನೋಡಿಯೇ ತಿಳಿಯಬೇಕು. ಹೆಚ್ಚು ಹೊತ್ತು ಆಟೋಪೈಲಟ್‌ಗೆ ಬಿಡುವವರಿಗೆ ಇದು ಲೆಕ್ಕಕ್ಕಿಲ್ಲ. ಸೀಲ್ ಕಿಟ್ ಹಾಕಿ ಇದನ್ನೇ ಇಟ್ಟುಕೊಳ್ಳಿ. ಗಾಳಿಯನ್ನು ಅಂಗೈಯಲ್ಲೇ ಓದುವವರು ಹೊಸ ಪಂಪಿಗೆ ಸುರಿಯುವ ಹಣವನ್ನು ಕೇಬಲ್ ಸ್ಟಿಯರಿಂಗ್‌ಗೆ ಕೂಡಿಡುವುದೇ ಲೇಸು.