ಬಾಯಿಪಾಠವೋ, ಚರ್ಚೆಯೋ, ಸಾಮತಿಯೋ, ಸೇವೆಯೋ: ಹೈಸ್ಕೂಲ್ ಮಕ್ಕಳಿಗೆ ಕ್ರೈಸ್ತ ನೀತಿ ಕಲಿಸಿ ನೋಡಿದ ಮೇಲೆ

8 ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಕ್ರೈಸ್ತ ನೀತಿಪಾಠ ಮಾಡುತ್ತಿದ್ದೇನೆ. ವಾರಕ್ಕೆ ಒಂದೇ ಪೀರಿಯಡ್, ಅದೂ 40 ನಿಮಿಷ. ಮಕ್ಕಳಿಗೆ 14ರಿಂದ 16 ವಯಸ್ಸು. ದಿನಾ ಪ್ರಾರ್ಥನೆ ಮಾಡುವ ಮನೆಯವರು ಇರುತ್ತಾರೆ, ಬೈಬಲ್ ತೆರೆದೇ ನೋಡದವರು ಇರುತ್ತಾರೆ, ಬೇರೆ ಧರ್ಮದವರೂ ಇರುತ್ತಾರೆ. ಹೊಸದಾಗಿ ಈ ಪಾಠ ವಹಿಸಿಕೊಂಡವರು ಕೇಳುವುದು ಒಂದೇ: ಯಾವ ರೀತಿ ಕಲಿಸಿದರೆ ಮಕ್ಕಳಿಗೆ ಹತ್ತುತ್ತದೆ? ನಾನು ನಾಲ್ಕು ರೀತಿ ನೋಡಿದ್ದೇನೆ: ಬಾಯಿಪಾಠ, ಚರ್ಚೆ, ಸಾಮತಿ (ಯೇಸು ಹೇಳಿದ ಸಣ್ಣ ಕಥೆಗಳು), ಸೇವೆ. ಒಂದೊಂದನ್ನೂ ಕನಿಷ್ಠ ಒಂದು ವರ್ಷ ಬಿಡದೆ ಮಾಡಿದ್ದೇನೆ. ನಾಲ್ಕೂ ಒಂದೇ ತೂಕದವು ಅಂತ ನನಗೆ ಅನ್ನಿಸಿಲ್ಲ.

ಶುರು ಮಾಡಿದ್ದು ಬಾಯಿಪಾಠದಿಂದ. ನನಗೂ ಹಾಗೇ ಕಲಿಸಿದ್ದರು. ಇದು ಹಳೆಯ ದಾರಿ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ನಂಬಿಕೆ ಕಲಿಸಲು 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರದ್ದೂ, 129 ಪ್ರಶ್ನೆಗಳಿರುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದ್ದೂ ಇದೇ ಧಾಟಿ. ಒಬ್ಬರು ಕೇಳಬೇಕು, ಇನ್ನೊಬ್ಬರು ಒಪ್ಪಿಸಬೇಕು. ನಾನು ಬೈಬಲಿನ ದಶಾಜ್ಞೆ, ಪರ್ವತ ಪ್ರಸಂಗದ (ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶ) ಮೊದಲ ವಚನಗಳು, ದೇವರನ್ನು ಕುರುಬ ಎನ್ನುವ 23ನೇ ಕೀರ್ತನೆ, ಇಷ್ಟು ಕೊಟ್ಟೆ. ಮಕ್ಕಳು ಬೇರೆ ಬೇರೆ ಕ್ರೈಸ್ತ ಪಂಗಡಗಳವರಾದರೆ ಇಲ್ಲೇ ಒಂದು ಗೊಂದಲ ಏಳುತ್ತದೆ, ಮೊದಲೇ ತಿಳಿದಿರಲಿ. "ಸುಳ್ಳುಸಾಕ್ಷಿ ಹೇಳಬಾರದು" ಎನ್ನುವುದು ಕ್ಯಾಥೊಲಿಕರಿಗೂ ಲೂಥರನರಿಗೂ 8ನೇ ಆಜ್ಞೆ, ಉಳಿದ ಬಹುತೇಕ ಪ್ರೊಟೆಸ್ಟೆಂಟರಿಗೆ 9ನೇದು. ಮಾತು ಒಂದೇ, ಎಣಿಕೆ ಮಾತ್ರ ಬೇರೆ. ಅದನ್ನು ಹೇಳದೆ ಪರೀಕ್ಷೆಯಲ್ಲಿ "8ನೇ ಆಜ್ಞೆ ಯಾವುದು?" ಅಂತ ಕೇಳಿದರೆ ಅರ್ಧ ಕ್ಲಾಸಿಗೆ ಅನ್ಯಾಯ ಆಗುತ್ತದೆ.

ಮಾರ್ಕ್ಸ್ ಎಲ್ಲರಿಗೂ ಚೆನ್ನಾಗಿ ಬಂತು. ಆದರೆ ಅದೇ ತಿಂಗಳು ಕ್ಲಾಸಿನಲ್ಲಿ ಒಬ್ಬ ಹುಡುಗಿಯ ಕ್ಯಾಲ್ಕುಲೇಟರ್ ಕಳೆದುಹೋಯಿತು. ಹಿಂದಿನ ಬೆಂಚಿನ ಹುಡುಗನ ಮೇಲೆ ಅಪವಾದ ಬಂತು. ಅವನು ಎರಡು ದಿನ ತಲೆ ತಗ್ಗಿಸಿಕೊಂಡೇ ಓಡಾಡಿದ. ಅವನು ತೆಗೆದಿಲ್ಲ ಅಂತ ಮೂವರಿಗೆ ಕಣ್ಣಾರೆ ಗೊತ್ತಿತ್ತು. ಮೂವರೂ ಬಾಯಿ ಬಿಡಲಿಲ್ಲ. ಆಮೇಲೆ ಕರೆದು ಕೇಳಿದಾಗ ಒಬ್ಬಳು ಹೇಳಿದಳು, "ಟೀಚರ್, ನಾವೇನೂ ಸುಳ್ಳು ಹೇಳಲಿಲ್ಲವಲ್ಲ. ಸುಮ್ನೆ ಇದ್ವಿ ಅಷ್ಟೇ." ಆ ಆಜ್ಞೆ ಮೂವರಿಗೂ ಒಂದಕ್ಷರ ತಪ್ಪದೆ ಬರುತ್ತಿತ್ತು. ಸುಮ್ಮನಿರುವುದೂ ಸುಳ್ಳುಸಾಕ್ಷಿ ಆಗಬಹುದು ಎನ್ನುವುದನ್ನು ನಾನು ಕಲಿಸಿರಲಿಲ್ಲ, ಏಕೆಂದರೆ ಬಾಯಿಪಾಠದಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಅದಕ್ಕೇ ಮುಂದಿನ ವರ್ಷ ಪೂರ್ತಿ ತಿರುಗಿ ಚರ್ಚೆಗೆ ಹೋದೆ. ಇಕ್ಕಟ್ಟಿನ ಒಂದು ಪ್ರಸಂಗ ಕೊಡುವುದು, ಏನು ಮಾಡಬೇಕು ಅಂತ ಮಕ್ಕಳೇ ವಾದಿಸುವುದು. ಇದರಲ್ಲಿ ತುಂಬ ಹೆಸರಾದದ್ದು ಲಾರೆನ್ಸ್ ಕೋಲ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಬಳಸಿದ ಹೈಂಜ್‌ನ ಕಥೆ. ಹೆಂಡತಿ ಸಾಯುವ ಸ್ಥಿತಿಯಲ್ಲಿದ್ದಾಳೆ, ಔಷಧಿ ಇದೆ, ಕೊಳ್ಳಲು ಹಣ ಸಾಲದು. ಕದಿಯಬಹುದೇ? ಕ್ಲಾಸಿನಲ್ಲಿ ಅಂಥ ಗಲಾಟೆಯನ್ನು ನಾನು ಮೊದಲ ಸಲ ನೋಡಿದ್ದು, ಮತ್ತು ಆ ದಿನ ಖುಷಿಯಿಂದ ಮನೆಗೆ ಹೋದೆ. ಕ್ರೈಸ್ತ ಪರಂಪರೆಯೂ ಈ ಪ್ರಶ್ನೆ ಬಿಟ್ಟಿಲ್ಲ. ಪ್ರಾಣಕ್ಕೆ ಕುತ್ತು ಬಂದು ಬೇರೆ ದಾರಿಯೇ ಇಲ್ಲದಾಗ ಇನ್ನೊಬ್ಬರದ್ದನ್ನು ತೆಗೆದುಕೊಂಡರೆ ಅದು ಕಳವಲ್ಲ ಅಂತ 13ನೇ ಶತಮಾನದಲ್ಲೇ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಬರೆದಿದ್ದಾರೆ. ಸುಳ್ಳಿನ ವಿಷಯದಲ್ಲಿ ಅವರಿಗಿಂತ ಹಿಂದಿನ ದೇವಶಾಸ್ತ್ರಜ್ಞ ಅಗಸ್ಟೀನ್ ಬಿಗಿ: ಯಾವ ಕಾರಣಕ್ಕೂ ಸುಳ್ಳು ಹೇಳಕೂಡದು. ಆದರೆ ಬೈಬಲಿನ ವಿಮೋಚನಕಾಂಡದ 1ನೇ ಅಧ್ಯಾಯ ತೆಗೆದರೆ, ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಿ ಎಂದ ಈಜಿಪ್ಟಿನ ಅರಸ ಫರೋಹನಿಗೆ, ಅವುಗಳನ್ನು ಉಳಿಸಿದ ಸೂಲಗಿತ್ತಿಯರು ಬೇರೆಯೇ ಕಥೆ ಹೇಳುತ್ತಾರೆ, ದೇವರು ಅವರಿಗೆ ಒಳ್ಳೆಯದನ್ನೇ ಮಾಡುತ್ತಾನೆ. ಇದನ್ನು ಓದಿಸಿದ ದಿನ ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಹಾಗಾದರೆ ಚರ್ಚೆಯೇ ಒಳ್ಳೆಯದು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಎರಡು ತಿಂಗಳು ಕಳೆದ ಮೇಲೆ ತೊಂದರೆ ಕಾಣಿಸಿತು. ಮಾತುಗಾರರು ಗೆಲ್ಲುತ್ತಿದ್ದರು. ಮೆತ್ತಗಿನ ಮಕ್ಕಳು ಸುಮ್ಮನಾಗಿಬಿಟ್ಟಿದ್ದರು. ಒಬ್ಬ ಹುಡುಗ ಒಂದು ವಾರ ಕದಿಯಬಹುದು ಅಂತ ವಾದಿಸಿ ಗೆದ್ದ, ಮುಂದಿನ ವಾರ ಕದಿಯಬಾರದು ಅಂತ ಅಷ್ಟೇ ಚೆನ್ನಾಗಿ ವಾದಿಸಿದ. ನಿನಗೆ ನಿಜವಾಗಿ ಏನನ್ನಿಸುತ್ತದೆ ಅಂತ ಕೇಳಿದೆ. "ಯಾವ ಕಡೆ ಬೇಕು ಹೇಳಿ ಟೀಚರ್, ಮಾತಾಡ್ತೀನಿ" ಅಂದ. ಅವನು ತಮಾಷೆಗೆ ಹೇಳಿದ್ದಲ್ಲ. ಚರ್ಚೆ ಅಂದರೆ ಅದೇ ಅಂತ ನಾನೇ ಕಲಿಸಿದ್ದೆ.

ಇನ್ನೊಂದು ತಪ್ಪೂ ನನ್ನದೇ. ಆ ಪ್ರಸಂಗಗಳು ಮಕ್ಕಳ ಬದುಕಿನಿಂದ ಬಹಳ ದೂರ. ಅವರಲ್ಲಿ ಯಾರೂ ಔಷಧಿ ಕದಿಯಲು ಹೊರಟವರಲ್ಲ. ಅವರ ಇಕ್ಕಟ್ಟು ಬೇರೆ. ಗೆಳತಿಯ ಒಂದು ಫೋಟೋ ಗ್ರೂಪಿಗೆ ಬಂದಿದೆ, ಎಲ್ಲರೂ ನಗುತ್ತಿದ್ದಾರೆ, ನಾನು ನಗುವ ಇಮೋಜಿ ಹಾಕಬೇಕಾ, ಸುಮ್ಮನಿರಬೇಕಾ, ಅವಳಿಗೆ ಹೇಳಬೇಕಾ? ಇಂಥದ್ದನ್ನು ಕೊಟ್ಟ ದಿನ ಗಲಾಟೆ ಕಡಿಮೆ, ಯೋಚನೆ ಜಾಸ್ತಿ. ಚರ್ಚೆ ಮಾಡುವುದಾದರೆ ಹೀಗೆ ಮಾಡಿ. ಮೊದಲು 5 ನಿಮಿಷ ಪ್ರತಿಯೊಬ್ಬರೂ ಹೆಸರಿಲ್ಲದೆ ಚೀಟಿಯಲ್ಲಿ ಬರೆಯಲಿ, ಆಮೇಲೆ ಮಾತು. ಆಗ ಸುಮ್ಮನಿರುವವರ ಮಾತೂ ಕ್ಲಾಸಿಗೆ ಬರುತ್ತದೆ. ಇಷ್ಟಾದರೂ ಬರೀ ಚರ್ಚೆಯ ಕೊನೆ ಸಾಮಾನ್ಯವಾಗಿ ಒಂದೇ ಕಡೆ ಹೋಗಿ ನಿಲ್ಲುತ್ತದೆ: "ಅದು ಅವರವರ ಅಭಿಪ್ರಾಯ." ನೀತಿಪಾಠ ಅಲ್ಲಿಂದ ಶುರುವಾಗಬೇಕಿತ್ತು, ನನ್ನ ಕ್ಲಾಸಿನಲ್ಲಿ ಅಲ್ಲೇ ಮುಗಿಯುತ್ತಿತ್ತು.

ಮೂರನೇದು ಸಾಮತಿ. ಇವು ಚಿಕ್ಕ ಮಕ್ಕಳಿಗೆ ಅಂತ ಅಂದುಕೊಂಡು ನಾನು ದೂರ ಇಟ್ಟಿದ್ದೆ. ಮಕ್ಕಳೂ "ಇದು ಗೊತ್ತು ಟೀಚರ್" ಅನ್ನುತ್ತಿದ್ದರು. ಗೊತ್ತಿರಲಿಲ್ಲ. ನನಗೂ ಪೂರ್ತಿ ಗೊತ್ತಿರಲಿಲ್ಲ.

ಬೈಬಲಿನ ಮತ್ತಾಯ ಪುಸ್ತಕದ 18ನೇ ಅಧ್ಯಾಯದಲ್ಲಿ ಕ್ಷಮಿಸದ ಸೇವಕನ ಕಥೆ ಇದೆಯಲ್ಲ, ಅದನ್ನು ಗಣಿತದಂತೆ ಮಾಡಿಸಿದೆ. ಅವನು ರಾಜನಿಗೆ ಕೊಡಬೇಕಾದ ಸಾಲ 10,000 ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಬೋರ್ಡಿನ ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸಿದೆ. ಗುಣಿಸಿದ: 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೆ ಎಷ್ಟು ವರ್ಷ? ಚಾಕ್‌ಪೀಸ್ ಹಿಡಿದು ಸ್ವಲ್ಪ ಹೊತ್ತು ನಿಂತ. ಸೊನ್ನೆಗಳನ್ನು ಮತ್ತೆ ಎಣಿಸಿದ. 2 ಲಕ್ಷ ವರ್ಷ. ಕ್ಲಾಸ್ ನಗತೊಡಗಿತು. "ಸ್ವಲ್ಪ ಸಮಯ ಕೊಡಿ, ಎಲ್ಲ ತೀರಿಸ್ತೀನಿ" ಅಂತ ಸೇವಕ ಬೇಡಿಕೊಳ್ಳುವ ವಾಕ್ಯವನ್ನು ಮತ್ತೆ ಓದಿದಾಗ ನಗು ನಿಂತಿತು. ರಾಜ ಸಾಲ ಪೂರ್ತಿ ಬಿಟ್ಟುಬಿಟ್ಟ. ಆ ಸೇವಕನಿಗೆ ಜೊತೆಯವನು ಕೊಡಬೇಕಾದದ್ದು 100 ದಿನಾರಿ, ಅದನ್ನು ಅವನು ಬಿಡಲಿಲ್ಲ.

ನಾನು ಇಲ್ಲಿಗೆ ಪಾಠ ಮುಗಿಸುವವಳಿದ್ದೆ: ದೊಡ್ಡದನ್ನು ಬಿಟ್ಟರು, ಸಣ್ಣದನ್ನು ನೀವೂ ಬಿಡಿ. ಆಗ ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದಳು. "ಟೀಚರ್, 100 ದಿನದ ಕೂಲಿ ಸಣ್ಣದೇನಲ್ಲ. ಮೂರು ತಿಂಗಳಿಗಿಂತ ಜಾಸ್ತಿ. ಅಷ್ಟು ಹೋದ್ರೆ ಮನೇಲಿ ಕಷ್ಟ ಆಗುತ್ತೆ." ಅವಳು ಹೇಳಿದ್ದು ಸರಿ. ನಮಗಾದ ಅನ್ಯಾಯ ಚಿಕ್ಕದು ಅಂತ ಈ ಕಥೆ ಎಲ್ಲೂ ಹೇಳುವುದಿಲ್ಲ. ನೋವು ನಿಜ, ಸಾಲವೂ ನಿಜ, ಆದರೂ ಕ್ಷಮಿಸು ಅನ್ನುತ್ತದೆ. ವರ್ಷಗಟ್ಟಲೆ ನಾನು "ಚಿಕ್ಕ ವಿಷಯ, ಬಿಟ್ಟುಬಿಡಿ" ಅಂತ ಮಕ್ಕಳಿಗೆ ಹೇಳಿದ್ದೆ. ಅವತ್ತಿನಿಂದ ಹೇಳಿಲ್ಲ.

ಬಾಯಿಪಾಠ ಉತ್ತರ ಕೊಡುತ್ತದೆ, ಚರ್ಚೆ ಪ್ರಶ್ನೆಯನ್ನು ಗಾಳಿಗೆ ಬಿಡುತ್ತದೆ. ಸಾಮತಿ ಮಗುವನ್ನು ಕಥೆಯೊಳಗೆ ನಿಲ್ಲಿಸಿ "ಈಗ ನೀನು ಹೇಳು" ಅನ್ನುತ್ತದೆ. ಮಾತುಗಾರನಿಗೆ ಎರಡು ಕಡೆ ವಾದಿಸಲು ಅಲ್ಲಿ ಜಾಗ ಇಲ್ಲ, ಏಕೆಂದರೆ ಅವನೂ ಆ ಇಬ್ಬರಲ್ಲಿ ಒಬ್ಬನಾಗಿರುತ್ತಾನೆ. ಬೇರೆ ಧರ್ಮದ ಮಕ್ಕಳಿಗೂ ಇಲ್ಲಿ ಇರುಸುಮುರುಸು ಆಗಲಿಲ್ಲ. ನಂಬಿಕೆಗೆ ಮಾರ್ಕ್ಸ್ ಇಲ್ಲ ಅಂತ ಮೊದಲ ದಿನವೇ ಹೇಳಿಬಿಟ್ಟಿದ್ದೆ, ಅದನ್ನು ಹೇಳಲೇಬೇಕು.

ನಡುವೆ ಒಂದು ಟರ್ಮ್ ದೊಡ್ಡವರ ಜೀವನಕಥೆಗಳನ್ನೂ ಹೇಳಿ ನೋಡಿದೆ. "ಅವರು ಸಂತರು ಟೀಚರ್, ನಾವಲ್ಲ" ಅಂತ ಮಕ್ಕಳು ಪಕ್ಕಕ್ಕಿಟ್ಟರು. ಹತ್ತಿದ್ದು ಒಂದೇ. ನಾಜಿಗಳನ್ನು ವಿರೋಧಿಸಿ 1945ರ ಏಪ್ರಿಲ್ 9ರಂದು ನೇಣಿಗೆ ಹೋದ ಜರ್ಮನಿಯ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್, 1939ರಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿದ್ದವರು, ಕೆಲವೇ ವಾರಗಳಲ್ಲಿ ಜರ್ಮನಿಗೆ ಹಿಂತಿರುಗಿದರು. ಆ ಕೆಲವು ವಾರಗಳ ತಳಮಳದ ಬಗ್ಗೆ ಮಕ್ಕಳು ತುಂಬ ಕೇಳಿದರು. ಸಾವಿನ ಬಗ್ಗೆ ಅಷ್ಟು ಕೇಳಲಿಲ್ಲ.

ಬದುಕಿನ ಅರ್ಥದ ಪಾಠಕ್ಕೆ "ನನ್ನ ಗುರಿ" ಅಂತ ಹಾಳೆ ತುಂಬಿಸುವುದಕ್ಕಿಂತ ಬೈಬಲಿನ ಪ್ರಸಂಗಿ ಪುಸ್ತಕ ಓದಿಸುವುದು ಎಷ್ಟೋ ಮೇಲು. ಹಾಳೆಯಲ್ಲಿ ಬರುವುದು ಅಪ್ಪ ಅಮ್ಮನ ಆಸೆ. ಪ್ರಸಂಗಿ "ಎಲ್ಲವೂ ವ್ಯರ್ಥ" ಅನ್ನುತ್ತಾನೆ. ಆ ಪದಕ್ಕೆ ಮೂಲ ಹೀಬ್ರೂನಲ್ಲಿ ಉಸಿರು, ಹಬೆ ಎನ್ನುವ ಅರ್ಥ ಇದೆ. ಕೈಯ ಮೇಲೆ ಉಸಿರು ಬಿಟ್ಟು ನೋಡಿ ಅಂದೆ. ಒಬ್ಬ ಕೇಳಿದ, "ಹಾಗಾದ್ರೆ ಓದೋದು ಯಾಕೆ?" ಅವನು ಹಿಂದಿನ ವಾರ ಗಣಿತದಲ್ಲಿ ಫೇಲಾಗಿದ್ದ. ಉತ್ತರ ಕೊಡಲು ನಾನು ಅವಸರ ಮಾಡಲಿಲ್ಲ. ಪುಸ್ತಕವೂ ಅವಸರ ಮಾಡುವುದಿಲ್ಲ, 12 ಅಧ್ಯಾಯ ತೆಗೆದುಕೊಳ್ಳುತ್ತದೆ.

ಕೊನೆಯದು ಸೇವೆ. ಇದಕ್ಕೆ ನನ್ನನ್ನು ದೂಡಿದ್ದು ಒಂದು ಪ್ರಯೋಗ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಪ್ರಕಟಿಸಿದ್ದು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ದೇವರ ಸೇವೆಗೆ ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡದಲ್ಲಿ ಮಾತಾಡಲು ಕಳಿಸಿದರು. ಕೆಲವರ ವಿಷಯವೇ ಒಳ್ಳೆಯ ಸಮಾರ್ಯದವನ ಸಾಮತಿ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದವನ ಕಥೆ. ದಾರಿಯಲ್ಲಿ ಒಬ್ಬ ಕುಸಿದು ಕೆಮ್ಮುತ್ತಿದ್ದ. ಅವಸರ ಇಲ್ಲದವರಲ್ಲಿ 63% ನೆರವಾದರು, ತುಂಬ ಅವಸರದಲ್ಲಿದ್ದವರಲ್ಲಿ 10% ಮಾತ್ರ. ಯಾವ ವಿಷಯ ತಲೆಯಲ್ಲಿತ್ತು ಎನ್ನುವುದಕ್ಕಿಂತ ಎಷ್ಟು ಅವಸರ ಇತ್ತು ಎನ್ನುವುದೇ ಲೆಕ್ಕಕ್ಕೆ ಬಂತು. ಇದನ್ನು ಓದಿದ ಮೇಲೆ ಬರೀ ಕ್ಲಾಸಿನಲ್ಲಿ ಕೂತು ಕಥೆ ಹೇಳಲು ಮನಸ್ಸಾಗಲಿಲ್ಲ.

ಮೊದಲ ವರ್ಷ ಸೇವೆ ಹಾಳಾಯಿತು. ಗಂಟೆ ಲೆಕ್ಕ, ಸಹಿ, ಸರ್ಟಿಫಿಕೇಟ್, ಫೋಟೋ. ವೃದ್ಧರ ಜೊತೆ ನಿಂತು ಫೋಟೋ ತೆಗೆಸಿಕೊಂಡ ಮಕ್ಕಳಿಗೆ ಅವರ ಹೆಸರೇ ಗೊತ್ತಿರಲಿಲ್ಲ. ಎರಡನೇ ವರ್ಷ ಫೋಟೋ, ಗಂಟೆ ಲೆಕ್ಕ ಎರಡನ್ನೂ ನಿಲ್ಲಿಸಿದೆ. ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಹಿರಿಯರು, ಪ್ರತಿ ವಾರ ಅದೇ ಹೊತ್ತು, ವರ್ಷ ಪೂರ್ತಿ. ನಾಲ್ಕು ತಿಂಗಳಾದ ಮೇಲೆ ಮತ್ತಾಯ 25 ಓದಿಸಿದೆ. ಹಸಿದವರಿಗೆ ಕೊಟ್ಟದ್ದೂ ಕೊಡದ್ದೂ ನನಗೇ ಅಂತ ಕೊನೆಯ ತೀರ್ಪಿನಲ್ಲಿ ಅರಸ ಹೇಳುವ ಭಾಗ ಅದು. "ನೀನು ಹಸಿದಿದ್ದನ್ನು ಯಾವಾಗ ನೋಡಿದೆವು?" ಅಂತ ನೀತಿವಂತರೂ ಕೇಳುತ್ತಾರೆ, ಉಳಿದವರೂ ಕೇಳುತ್ತಾರೆ. ಇಬ್ಬರಿಗೂ ಗೊತ್ತಿರಲಿಲ್ಲ. ಯಾರೂ ಗಂಟೆ ಬರೆದಿಟ್ಟುಕೊಂಡಿರಲಿಲ್ಲ. ಇದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ, ಮಕ್ಕಳೇ ಹಿಡಿದರು. ಆದರೆ ಸೇವೆಗೆ ಸಮಯ ಬೇಕು, ಮನೆಯವರ ಒಪ್ಪಿಗೆ ಬೇಕು, ಜೊತೆಗೆ ಹೋಗಲು ದೊಡ್ಡವರು ಬೇಕು. ಎಲ್ಲರಿಗೂ ಆಗುವುದಿಲ್ಲ.

ಬಾಯಿಪಾಠದ ಬಗ್ಗೆ ಇನ್ನೂ ಒಂದು ಮಾತು ಬಾಕಿ ಇದೆ. ಅದನ್ನು ನಾನು ಪೂರ್ತಿ ಬಿಟ್ಟಿದ್ದೆ. ಆ ಮೊದಲ ಬ್ಯಾಚಿನ ಒಬ್ಬ ಹುಡುಗ, ಕಂಠಪಾಠ ಅಂದರೆ ಮುಖ ಸಿಂಡರಿಸುತ್ತಿದ್ದವನು, ನಾಲ್ಕು ವರ್ಷದ ಮೇಲೆ ಸಿಕ್ಕಿದ. ಅವನ ಅಜ್ಜಿ ಕೊನೆ ಗಳಿಗೆಯಲ್ಲಿದ್ದಾಗ ಮನೆಯಲ್ಲಿ ಯಾರಿಗೂ ಬಾಯಿಂದ ಮಾತೇ ಹೊರಡಲಿಲ್ಲವಂತೆ. ಅವನೇ 23ನೇ ಕೀರ್ತನೆ ಶುರು ಮಾಡಿದನಂತೆ. ಎರಡನೇ ವಾಕ್ಯಕ್ಕೆ ಅಜ್ಜಿಯ ತುಟಿಯೂ ಅಲ್ಲಾಡಿತಂತೆ. ಇದನ್ನು ಚರ್ಚೆ ಕೊಡಲಾರದು, ಕಥೆಯೂ ಕೊಡಲಾರದು. ಹಾಗಾಗಿ ಈಗ ವರ್ಷಕ್ಕೆ ಮೂರೇ ಮೂರು ಭಾಗ ಬಾಯಿಪಾಠ ಕೊಡುತ್ತೇನೆ, ಮಾರ್ಕ್ಸ್ ಇಲ್ಲದೆ, ಎಲ್ಲರೂ ಒಟ್ಟಿಗೆ ಹೇಳುವಂತೆ. ಬೇರೆ ಧರ್ಮದ ಮಕ್ಕಳಿಗೆ ಇದು ಕಡ್ಡಾಯ ಅಲ್ಲ.

ಉಳಿದ ವಾರಗಳಲ್ಲಿ ಹೆಚ್ಚಿನವು ಸಾಮತಿಗೆ, ಅದರ ಬೆನ್ನಿಗೆ ಚೀಟಿ ಚರ್ಚೆ. ಸಾಧ್ಯ ಆದವರು ಸೇವೆಯನ್ನೂ ಸೇರಿಸಿಕೊಳ್ಳಿ. ವಾರಕ್ಕೆ 40 ನಿಮಿಷ ಮಾತ್ರ ಇದೆ, ಒಂದನ್ನೇ ಆರಿಸಬೇಕು ಅಂದರೆ ಸಾಮತಿ ಆರಿಸಿ. ಲೂಕ 15ರ ಇಬ್ಬರು ಮಕ್ಕಳ ಕಥೆಯಿಂದ ಶುರು ಮಾಡಿ. ಆಸ್ತಿಯ ಪಾಲು ಹಾಳುಮಾಡಿಕೊಂಡ ಕಿರಿಯ ಮಗ ಮನೆಗೆ ಬಂದ ಕಡೆ ಎಲ್ಲರೂ ನಿಲ್ಲಿಸುತ್ತಾರೆ, ನೀವು ನಿಲ್ಲಿಸಬೇಡಿ. ತಮ್ಮನಿಗೆ ಅಪ್ಪ ಔತಣ ಮಾಡಿದ್ದಕ್ಕೆ ಹಿರಿಯ ಮಗ ಸಿಟ್ಟಿನಿಂದ ಹೊರಗೆ ನಿಂತಿದ್ದಾನೆ, ಅಪ್ಪ ಬಂದು ಕರೆಯುತ್ತಾನೆ. ಅವನು ಒಳಗೆ ಹೋದನಾ ಇಲ್ಲವಾ ಅಂತ ಯೇಸು ಹೇಳುವುದಿಲ್ಲ. 32ನೇ ವಚನಕ್ಕೆ ಅಧ್ಯಾಯ ಮುಗಿಯುತ್ತದೆ. ಅಲ್ಲಿ ಪುಸ್ತಕ ಮುಚ್ಚಿ, ಖಾಲಿ ಹಾಳೆ ಹಂಚಿ, ಮುಂದಿನ ನಾಲ್ಕು ಸಾಲು ಬರೆಯಲು ಹೇಳಿ. ನನ್ನ ಕ್ಲಾಸಿನಲ್ಲಿ ಜಾಸ್ತಿ ಮಕ್ಕಳು ಅವನನ್ನು ಒಳಗೆ ಕಳಿಸಿದರು. ಕೆಲವರು ಹೊರಗೇ ನಿಲ್ಲಿಸಿದರು. ಆ ಕ್ಯಾಲ್ಕುಲೇಟರ್ ಹುಡುಗನ ತಮ್ಮ ಅದೇ ಕ್ಲಾಸಿನಲ್ಲಿದ್ದ. ಅವನು ಬರೆದದ್ದು ಒಂದೇ ಸಾಲು: "ಅಣ್ಣ ಬರುವವರೆಗೆ ಅಪ್ಪನೂ ಒಳಗೆ ಹೋಗಲಿಲ್ಲ."