ಬಜಪೆಯಿಂದ ಬೆಂಗಳೂರಿಗೆ: ಐದು ವರ್ಷ, ಎರಡು ಬಗೆಯ ವಿಮಾನ, ಒಂದು ಅಟ್ಟೆ ಮಲ್ಲಿಗೆ

ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗುತ್ತೇನೆ. ಐದು ವರ್ಷವಾಯಿತು. ಟಿಕೆಟ್ ಮೂರು ಸಾವಿರದೊಳಗೆ ಸಿಕ್ಕರೆ ವಿಮಾನ, ಇಲ್ಲದಿದ್ದರೆ ಪಂಚಗಂಗಾ ರೈಲು. ಹೀಗಾಗಿ ಪಂಖದ ಸಣ್ಣ ವಿಮಾನ ಎಟಿಆರ್, ದೊಡ್ಡ ಜೆಟ್ ವಿಮಾನ ಏರ್‌ಬಸ್ ಎರಡರಲ್ಲೂ ಸಾಕಷ್ಟು ಕೂತಿದ್ದೇನೆ.

ಹೊರಡುವ ದಿನ ಮಧ್ಯಾಹ್ನ ಉಡುಪಿ ಪೇಟೆಯಲ್ಲಿ ಶಂಕರಪುರ ಮಲ್ಲಿಗೆ ಒಂದು ಅಟ್ಟೆ ತಗೊಳ್ಳುತ್ತೇನೆ. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆ ಎಲೆಯಲ್ಲಿ ಸುತ್ತಿಸಿ, ಮೇಲೆ ಒದ್ದೆ ಬಟ್ಟೆ ಹಾಕಿ, ಕೈಚೀಲದಲ್ಲಿ ಇಟ್ಟುಕೊಂಡರೆ ಮಲ್ಲೇಶ್ವರದ ಅಕ್ಕನ ಮನೆ ತಲುಪುವವರೆಗೆ ಕೆಳಗಿಡುವುದಿಲ್ಲ. ಮೂಲ್ಕಿ, ಕಿನ್ನಿಗೋಳಿ, ಕಟೀಲು ದಾಟಿ ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆ ಮುಟ್ಟುವಾಗ ಕಾರೆಲ್ಲ ಘಮ ಘಮ.

ಮೊದಮೊದಲು ಎಟಿಆರ್ ಅಂದರೆ ಬೇಸರ. ಪಂಖದ ವಿಮಾನ, ನಿಧಾನ ಅಂತ. ಆದರೆ ಬೆಂಗಳೂರಿಗೆ ಆಕಾಶದಲ್ಲಿ ಇರುವುದೇ ಸುಮಾರು 300 ಕಿ.ಮೀ. ಎಟಿಆರ್ ಗಂಟೆಗೆ 500ರ ಆಸುಪಾಸು ಹೋದರೆ ಜೆಟ್ 800 ದಾಟುತ್ತದೆ, ನಿಜ. ಜೆಟ್ ಆ ವೇಗಕ್ಕೆ ಏರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ನನಗೆ ಉಳಿದದ್ದು ಹತ್ತು ನಿಮಿಷ, ಅಷ್ಟೇ.

ಸೀಟು ಎರಡು-ಎರಡು. ನಡುವಿನ ಸೀಟಿನ ಕಾಟವೇ ಇಲ್ಲ. ರೆಕ್ಕೆ ತಲೆಯ ಮೇಲೆ ಇರುವುದರಿಂದ ಕಿಟಕಿಯಲ್ಲಿ ಕೆಳಗಿನದ್ದೆಲ್ಲ ಕಾಣುತ್ತದೆ. ಏರ್‌ಬಸ್‌ನಲ್ಲಿ ನನಗೆ ಸಿಗುವುದು ಹೆಚ್ಚಾಗಿ ರೆಕ್ಕೆಯ ಮೇಲಿನ ಸಾಲು. ಒಂದು ಗಂಟೆ ಬಿಳಿ ತಗಡು ನೋಡಬೇಕು. ಎಟಿಆರ್ ಕಡಲ ಕಡೆಯಿಂದ ಬಜಪೆಗೆ ಇಳಿಯುವ ದಿನ ನೋಡಬೇಕು ಮಾರಾಯ್ರೆ! ಮೊದಲು ನೀಲಿ, ಆಮೇಲೆ ತೆಂಗಿನ ತೋಟ, ಕೆಂಪು ಹಂಚಿನ ಮಾಡುಗಳು, ಕೊನೆಗೆ ಗುಡ್ಡದ ತಲೆಯ ಮೇಲಿನ ಆ ರನ್‌ವೇ. 2010ರ ಮೇ 22ರಂದು ಇಲ್ಲೇ ಆದ ವಿಮಾನ ದುರಂತದ ನೆನಪು ಇರುವ ನಮಗೆ ಗಾಲಿ ನೆಲ ಮುಟ್ಟುವವರೆಗೆ ಉಸಿರು ಬಿಗಿ. ಅದು ಯಾವ ವಿಮಾನದಲ್ಲಿ ಕೂತರೂ ಹೋಗುವುದಿಲ್ಲ.

ಹೊಸಬರಿಗೆ ಒಂದು ಮಾತು. ಎಟಿಆರ್‌ಗೆ ಹತ್ತುವ ಬಾಗಿಲು ಹಿಂದೆ. ಕೊನೆಯ ಸಾಲಿನವರೇ ಮೊದಲು ಇಳಿಯುತ್ತಾರೆ. ಪಂಖದ ಸದ್ದೂ ಅಲ್ಲಿ ಕಡಿಮೆ. ಮುಂದಿನ ಸೀಟಿಗೆ ಸುಮ್ನೆ ದುಡ್ಡು ಜಾಸ್ತಿ ಕೊಡಬೇಡಿ. ಟ್ರಾಲಿ ಬ್ಯಾಗ್ ಮೇಲಿನ ಗೂಡಿಗೆ ಹಿಡಿಸುವುದು ಕಷ್ಟ, ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ಮಲ್ಲಿಗೆಯನ್ನು ಅದರೊಳಗೆ ಮಾತ್ರ ಇಡಬೇಡಿ.

ಇಷ್ಟೆಲ್ಲ ಹೊಗಳಿದರೂ ಕಳೆದ ಮೇ ತಿಂಗಳ ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ. ಬಜಪೆಯಲ್ಲಿ ಎಲ್ಲರನ್ನೂ ಹತ್ತಿಸಿ, ಬಾಗಿಲು ತೆರೆದಿಟ್ಟೇ ನಲವತ್ತು ನಿಮಿಷ ಕೂರಿಸಿದರು. ದೊಡ್ಡ ಜೆಟ್‌ಗೆ ನಿಂತಾಗಲೂ ಎಸಿ ನಡೆಸಲು ಬಾಲದಲ್ಲಿ ಬೇರೆ ಸಣ್ಣ ಎಂಜಿನ್ ಇರುತ್ತದೆ. ಎಟಿಆರ್‌ಗೆ ಅದಿಲ್ಲ. ಬಲಗಡೆಯ ಪಂಖಕ್ಕೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸಬೇಕು, ಇಲ್ಲವೇ ಹೊರಗಿನಿಂದ ತಣ್ಣನೆ ಗಾಳಿಯ ಪೈಪ್ ಜೋಡಿಸಬೇಕು. ಆ ದಿನ ಎರಡೂ ಮಾಡಲಿಲ್ಲ. ಸುರಕ್ಷತಾ ಸೂಚನೆಯ ಹಾಳೆಯೇ ಎಲ್ಲರಿಗೂ ಬೀಸಣಿಗೆ. ಪಕ್ಕದ ಸೀಟಿನ ಅಜ್ಜಿ ಸೆರಗಿನಿಂದ ಕುತ್ತಿಗೆ ಒರೆಸಿ ಒರೆಸಿ ಸುಸ್ತಾದರು. ನನ್ನ ನೀರಿನ ಬಾಟಲಿ ಅವರಿಗೆ ಕೊಟ್ಟೆ. ಅರ್ಧ ಕುಡಿದು, ಉಳಿದದ್ದನ್ನು ನನ್ನ ಚೀಲದ ಕಡೆ ತೋರಿಸಿ, "ಹೂವಿಗೆ ಚಿಮುಕಿಸು ಮಗಾ" ಅಂದರು.

ಚಿಮುಕಿಸಿದೆ. ಆದರೂ ಅಕ್ಕನ ಮನೆಯಲ್ಲಿ ಎಲೆ ಬಿಚ್ಚಿದರೆ ಎರಡು ಚೆಂಡು ಅಂಚಿನಲ್ಲಿ ಕಂದಾಗಿತ್ತು. ಕಂಪನಿಗೆ ದೂರು ಬರೆದೆ. ನಿಮ್ಮ ಅನಿಸಿಕೆಗೆ ಧನ್ಯವಾದ ಅಂತ ಒಂದು ಸಾಲು ಬಂತು.

ವಿಮಾನದ ಮೇಲೆ ಸಿಟ್ಟಿಲ್ಲ. ಪೈಪ್ ತರದವರ ಮೇಲೆ ಇದೆ. 180 ಸೀಟು ತುಂಬಿದರೆ ಮಾತ್ರ ಹಾರುತ್ತೇವೆ ಅಂದರೆ ನಮ್ಮ ಊರಿಗೆ ದಿನಕ್ಕೆ ಎಷ್ಟು ವಿಮಾನ ಬಂದೀತು? 70-80 ಸೀಟಿನದ್ದು ಇರುವುದರಿಂದಲೇ ಹೊತ್ತು ನೋಡಿ ಹೋಗಿಬರಲು ಆಗುತ್ತಿದೆ, ಅಲ್ವಾ? ಆದರೆ ಏಪ್ರಿಲ್, ಮೇ ಮಧ್ಯಾಹ್ನಕ್ಕೆ ಈಗ ಐನೂರು ಜಾಸ್ತಿ ಆದರೂ ಏರ್‌ಬಸ್ಸೇ. ಮಳೆ ಬಿದ್ದು ಸೆಕೆ ಇಳಿದ ಮೇಲೆ ಮತ್ತೆ ಎಟಿಆರ್, ಹಿಂದಿನ ಸಾಲು, ಕಿಟಕಿ. ಬಾಟಲಿ ಮಾತ್ರ ಎರಡು ಇಟ್ಟುಕೊಳ್ಳುತ್ತೇನೆ, ಒಂದು ಹೂವಿಗೆ.