ಸೆಕೆಂಡ್ ಹ್ಯಾಂಡ್ ಕಾರ್ಬನ್ ಸೈಕಲ್ ಕೊಳ್ಳುವ ಮುಂಚೆ ಫೋರ್ಕ್ ಬಿಚ್ಚಿಸಿ ನೋಡಿ

ಪೂರ್ತಿ ಓದುವಷ್ಟು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾರ್ಬನ್ ಸೈಕಲ್, ಅಂದರೆ ಕಬ್ಬಿಣದ ಬದಲು ಕಾರ್ಬನ್ ನೂಲಿನಿಂದ ಮಾಡಿದ ಹಗುರ ಸೈಕಲ್, ಕೊಳ್ಳುತ್ತಿದ್ದೀರಾ? ದುಡ್ಡು ಕೊಡುವ ಮುಂಚೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲನ್ನು, ಅಂದರೆ ಫೋರ್ಕನ್ನು, ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಹದಿನೈದು ನಿಮಿಷದ ಕೆಲಸ. ಮಾರುವವನು ‘ಅದೆಲ್ಲ ಯಾಕೆ ಮಗಾ’ ಅಂದರೆ ಬಸ್ ಹತ್ತಿ ಮನೆಗೆ ಬನ್ನಿ. ನಾನು ಬಿಚ್ಚಿಸಲಿಲ್ಲ. ಕಾಲರ್ ಬೋನ್ ಮುರಿಯಿತು, ಗಲ್ಲಕ್ಕೆ ಐದು ಹೊಲಿಗೆ ಬಿತ್ತು, ಮುಂದಿನ ಒಂದು ಹಲ್ಲು ಈಗ ನನ್ನದಲ್ಲ.

ಶುರುವಾಗಿದ್ದು ಕಳೆದ ವರ್ಷ, ಡಿಗ್ರಿ ಎರಡನೇ ವರ್ಷದ ಬೇಸಿಗೆ ರಜೆಯಲ್ಲಿ. ನನ್ನ ಹತ್ತಿರ ಹನ್ನೊಂದು ಕೆ.ಜಿ. ತೂಗುವ ಒಂದು ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹದ) ರೋಡ್ ಸೈಕಲ್ ಇತ್ತು. ರಾಜಾಜಿನಗರದಿಂದ ಬೆಳಗಿನ ನಾಲ್ಕೂವರೆಗೆ ಹೊರಟು ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟಿ ನಂದಿ ಬೆಟ್ಟಕ್ಕೆ ಹೋಗಿ ಬರುವುದು ಅಭ್ಯಾಸವಾಯಿತು. ಒಂದು ಕಡೆಗೆ ಅರವತ್ತು ಕಿಲೋಮೀಟರ್ ಹತ್ತಿರ. ಹೆಬ್ಬಾಳದಲ್ಲಿ ಒಂದು ಗುಂಪು ಸಿಗುತ್ತಿತ್ತು. ಮುಂದಿನವನ ಚಕ್ರಕ್ಕೆ ಒಂದಡಿ ಅಂತರದಲ್ಲಿ ಅಂಟಿಕೊಂಡು ತುಳಿಯುವುದನ್ನು ಕಲಿಸಿದ್ದು ಅವರೇ. ‘ವೀಲ್ ಹಿಡ್ಕೋ, ಬಿಡ್ಬೇಡ’ ಅಂತ ಕೂಗುತ್ತಿದ್ದರು. ಗಾಳಿಯನ್ನು ಮುಂದಿನವನು ಸೀಳುತ್ತಾನೆ, ಹಿಂದಿನವನಿಗೆ ಶ್ರಮ ಉಳಿಯುತ್ತದೆ. ಮೊದಲ ಸಲ ಆ ಗಾಳಿ ನಿಂತಾಗ ಆಗುವ ಖುಷಿ ಇದೆಯಲ್ಲ, ಅದನ್ನು ಅನುಭವಿಸಿದವರಿಗೇ ಗೊತ್ತು.

ಆಮೇಲೆ ರೇಸುಗಳು. ಭಾನುವಾರ ಬೆಳಗ್ಗೆ ಊರಾಚೆಯ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಟೈಮ್ ಟ್ರಯಲ್. ಒಬ್ಬೊಬ್ಬರನ್ನೇ ಒಂದೊಂದು ನಿಮಿಷ ಬಿಟ್ಟು ಕಳಿಸುತ್ತಾರೆ. ಇಲ್ಲಿ ಯಾರ ವೀಲೂ ಹಿಡಿಯುವ ಹಾಗಿಲ್ಲ, ನೀನುಂಟು ನಿನ್ನ ತೊಡೆ ಉಂಟು. ನನ್ನ ಮೊದಲ ರೇಸಿನಲ್ಲಿ ಕೊನೆಯಿಂದ ಮೂರನೆಯವನಾದೆ. ಗೆದ್ದವನು ವಿಜಯಪುರದ ಕಡೆಯ ಹುಡುಗ. ಅವನದೂ ಅಲಾಯ್ ಸೈಕಲ್ಲೇ, ಹ್ಯಾಂಡಲ್ ಟೇಪ್ ಅಲ್ಲಲ್ಲಿ ಕಿತ್ತುಹೋಗಿತ್ತು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಸೈಕಲ್ ರೇಸಿನಲ್ಲಿ ಎಂಥವರು ಅಂತ ಆಮೇಲೆ ಗೊತ್ತಾಯಿತು. ಆದರೆ ಅವತ್ತು ನನ್ನ ಕಣ್ಣು ಬಿದ್ದಿದ್ದು ಗೆದ್ದವನ ಹರಿದ ಟೇಪಿನ ಮೇಲಲ್ಲ, ನಾಲ್ಕನೆಯವನಾಗಿ ಬಂದವನ ಮಿಂಚುವ ಕಪ್ಪು ಕಾರ್ಬನ್ ಮೇಲೆ.

ನಮ್ಮ ಗುಂಪಿನಲ್ಲಿ ಒಬ್ಬ ಸೀನಿಯರ್ ಅಣ್ಣ ಇದ್ದ. ಹೆಸರು ಬೇಡ. ಎಲ್ಲರಿಗೂ ಪಂಕ್ಚರ್ ಹಾಕಿಕೊಡುವವನು, ಬಾಳೆಹಣ್ಣು ಹಂಚುವವನು. ಅಂಥವನು ‘ನನ್ನ ಕಾರ್ಬನ್ ಕೊಡ್ತಾ ಇದ್ದೀನಿ ಮಗಾ, ನಿನಗೆ ಅಂತ 72 ಸಾವಿರ’ ಅಂದಾಗ ಅನುಮಾನ ಬರುತ್ತದಾ? ಹೊಸದಕ್ಕೆ ಎರಡು ಲಕ್ಷದ ಹತ್ತಿರ ಹೋಗುತ್ತಿತ್ತು. ನಾನು ಎರಡು ವರ್ಷ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟಿದ್ದು 40 ಸಾವಿರ. ಉಳಿದದ್ದು ಅಜ್ಜಿ ಕೊಟ್ಟಿದ್ದು, ಅಮ್ಮನಿಗೆ ಗೊತ್ತಾಗದ ಹಾಗೆ. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಟ್ಯೂಬ್‌ಲೈಟ್ ಬೆಳಕಲ್ಲಿ ಸೈಕಲ್ ನೋಡಿದೆ. ಹೊಚ್ಚ ಹೊಸ ಮ್ಯಾಟ್ ಕಪ್ಪು ಬಣ್ಣ. ‘ಬೋರಾಯ್ತು ಅಂತ ರೀಪೇಂಟ್ ಮಾಡಿಸಿದೆ’ ಅಂದ. ಫೋರ್ಕಿನ ಕಪ್ಪು ಮಾತ್ರ ಫ್ರೇಮಿನ ಕಪ್ಪಿಗಿಂತ ಒಂಚೂರು ಬೇರೆ ಅನ್ನಿಸಿತು. ಅನ್ನಿಸಿತು ಅಷ್ಟೇ. ಕೇಳಲಿಲ್ಲ. ಬಿಲ್ ಕೂಡ ಕೇಳಲಿಲ್ಲ. ಅಣ್ಣನ ಹತ್ತಿರ ಬಿಲ್ ಕೇಳುವುದು ಹೇಗೆ ಅಲ್ವಾ?

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಹಾಸಿಗೆಯಲ್ಲಿ ಬಿದ್ದಾಗ ಹಾಕಿದ ಲೆಕ್ಕ. ನನ್ನ ತೂಕ 64, ಹಳೆಯ ಸೈಕಲ್ 11, ಒಟ್ಟು 75 ಕೆ.ಜಿ. ಹೊಸದು 8.3 ಕೆ.ಜಿ. ಅಂದರೆ ಇಳಿದಿದ್ದು 2.7 ಕೆ.ಜಿ., ನೂರಕ್ಕೆ ಮೂರೂವರೆ ಪಾಲು. ಕಡಿದಾದ ಏರಿನಲ್ಲಿ ಹೆಚ್ಚುಕಮ್ಮಿ ಪೂರ್ತಿ ಜಗಳ ತೂಕದ ಜೊತೆಗೇ. ಹಾಗಾಗಿ ಸಮಯವೂ ಸುಮಾರು ಅಷ್ಟೇ ಇಳಿಯುತ್ತದೆ. ನಂದಿ ಬೆಟ್ಟದ ಏರು ನನಗೆ 36 ನಿಮಿಷ ಹಿಡಿಯುತ್ತಿತ್ತು. 72 ಸಾವಿರಕ್ಕೆ ನಾನು ಕೊಂಡಿದ್ದು ಒಂದೂಕಾಲು ನಿಮಿಷ! ಮೇ ಹೊತ್ತಿಗೆ 33 ನಿಮಿಷಕ್ಕೆ ಬಂದಿದ್ದೆ ನಿಜ, ಆದರೆ ಅದರಲ್ಲಿ ಜಾಸ್ತಿ ಪಾಲು ಕಾಲಿನದು. ಕ್ರೆಡಿಟ್ ಮಾತ್ರ ಸೈಕಲ್ಲಿಗೆ ಕೊಟ್ಟುಕೊಂಡು ಓಡಾಡಿದೆ. ಜಗತ್ತಿನ ದೊಡ್ಡ ರೇಸುಗಳಲ್ಲೂ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದು ಅಂತ ನಿಯಮ ಇದೆ. ನಾನೋ, ಬಾಟಲ್ ಹಿಡಿಯುವ ಕ್ಲಿಪ್ಪಿನ ತೂಕ ನೋಡುತ್ತಿದ್ದೆ.

ತಂದ ಮೂರನೇ ವಾರಕ್ಕೆ ಸದ್ದು ಶುರುವಾಯಿತು. ಎದ್ದು ನಿಂತು ತುಳಿದಾಗ ಹ್ಯಾಂಡಲ್ ಬುಡದಲ್ಲಿ ‘ಟಿಕ್’. ಕೂತರೆ ಇಲ್ಲ. ಅಣ್ಣನಿಗೆ ಫೋನ್ ಮಾಡಿದೆ. ‘ಕಾರ್ಬನ್ ಅಂದ್ರೆ ಸದ್ದು ಮಾಡುತ್ತೆ ಮಗಾ, ಸ್ವಲ್ಪ ಟೈಟ್ ಮಾಡು’ ಅಂದ. ಅಲೆನ್ ಕೀ ತೆಗೆದುಕೊಂಡು ಕೈಗೆ ಸಿಕ್ಕಷ್ಟು ಬಿಗಿ ಮಾಡಿದೆ. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಅನ್ನುವ ತುಂಡಿನ ಮೇಲೆ ಸಣ್ಣ ಅಕ್ಷರದಲ್ಲಿ 5 ಎನ್‌ಎಂ ಅಂತ ಬರೆದಿತ್ತು. ಎಷ್ಟು ಬಲದಲ್ಲಿ ತಿರುಗಿಸಬೇಕು ಅನ್ನುವುದರ ಅಳತೆ ಅದು. ಅದನ್ನು ನೋಡಲು ಟಾರ್ಕ್ ವ್ರೆಂಚ್ ಅಂತ ಬೇರೆ ಸಲಕರಣೆಯೇ ಬೇಕು. ನನಗೆ ಆ ಅಕ್ಷರ ಕಂಡಿದ್ದೇ ಬಿದ್ದ ಮೇಲೆ.

ನಮ್ಮ ರಸ್ತೆಯ ಕೊನೆಯಲ್ಲಿ ಒಬ್ಬ ತಾತನ ಸೈಕಲ್ ಶಾಪ್ ಇದೆ. ಶಾಪ್ ಅಂದರೆ ಒಂದು ಮರ, ಒಂದು ಪಂಪ್, ನೀರು ತುಂಬಿದ ಒಂದು ಬಾಂಡ್ಲಿ. ಗಾಳಿ ಹಾಕಿಸಲು ಹೋದಾಗ ತಾತ ಸೈಕಲ್ಲನ್ನು ಒಂದು ಬೆರಳಲ್ಲಿ ಎತ್ತಿ ನೋಡಿ ನಕ್ಕರು. ಆಮೇಲೆ ಜೇಬಿನಿಂದ ಹಳೆಯ ದಪ್ಪ ಐದು ರೂಪಾಯಿ ನಾಣ್ಯ ತೆಗೆದು ಮೇಲಿನ ಪೈಪನ್ನು ಸೀಟಿನ ಕಡೆಯಿಂದ ತಟ್ಟುತ್ತಾ ಬಂದರು. ಸಂತೆಯಲ್ಲಿ ಅಜ್ಜಿಯರು ಮಡಕೆ ತಟ್ಟಿ ನೋಡುವುದಿಲ್ಲವೇ, ಹಾಗೆ. ಟಣ್ ಟಣ್ ಟಣ್. ಹ್ಯಾಂಡಲ್ ಹತ್ತಿರ ಬಂದಾಗ ದಬ್. ಇನ್ನೊಮ್ಮೆ ತಟ್ಟಿದರು. ದಬ್.

‘ಮರಿ, ಇದು ಬಿದ್ದಿರೋ ಗಾಡಿ’ ಅಂದರು.

ನನಗೆ ಒಳಗೊಳಗೇ ನಗು. ಅಟ್ಲಾಸ್, ಹೀರೋ ರಿಪೇರಿ ಮಾಡಿಕೊಂಡು ಬಂದವರಿಗೆ ಕಾರ್ಬನ್ ಏನು ಗೊತ್ತು ಅಂದುಕೊಂಡೆ. ‘ಇದು ಕಬ್ಬಿಣ ಅಲ್ಲ ತಾತ’ ಅಂತ ಹೇಳಿ, ಗಾಳಿಗೆ ಹತ್ತು ರೂಪಾಯಿ ಕೊಟ್ಟು ಬಂದೆ. ಈ ಸಾಲು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಆ ಭಾನುವಾರ ನಂದಿ ಬೆಟ್ಟ ಇಳಿದೆ. ಸೈಕಲ್ ಮೀಟರಿನಲ್ಲಿ ಉಳಿದಿರುವ ಗರಿಷ್ಠ ವೇಗ ಗಂಟೆಗೆ 63 ಕಿಲೋಮೀಟರ್. ಒಂದರ ಹಿಂದೊಂದು ತಿರುವು, ಪಕ್ಕದಲ್ಲಿ ಪ್ರಪಾತ, ಕೆಳಗಿನಿಂದ ಹತ್ತಿ ಬರುವ ಕಾರುಗಳು. ಅದೇ ಫೋರ್ಕ್. ಆ ಫೈಲನ್ನು ಇನ್ನೂ ಅಳಿಸಿಲ್ಲ. ಯಾಕೋ ಗೊತ್ತಿಲ್ಲ.

ಮುಂದಿನ ಭಾನುವಾರ ದೇವನಹಳ್ಳಿಯಾಚೆ ಟೈಮ್ ಟ್ರಯಲ್. ಹಿಂದಿನ ರಾತ್ರಿ ಒಂದು ಫಾರಂ ತುಂಬಿದ್ದೆ. ‘ನನ್ನ ಸೈಕಲ್ ಸುಸ್ಥಿತಿಯಲ್ಲಿದೆ, ನಾನೇ ಪರೀಕ್ಷಿಸಿದ್ದೇನೆ’ ಅಂತ ಅದರಲ್ಲಿ ಒಂದು ಸಾಲು ಇತ್ತು. ಓದದೆ ಸಹಿ ಹಾಕಿದೆ. ರೇಸ್ ನಡೆಸಿದವರದ್ದು ಏನೂ ತಪ್ಪಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೆಳಗ್ಗೆ ಆರೂ ಹದಿನೇಳಕ್ಕೆ ನನ್ನ ಸರದಿ. ಹಿಂದೆ ಒಬ್ಬರು ಸೀಟು ಹಿಡಿದುಕೊಂಡಿದ್ದರು, ಎರಡೂ ಕಾಲು ಪೆಡಲಿಗೆ ಸಿಕ್ಕಿಸಿಕೊಂಡಿದ್ದೆ. ಐದು, ನಾಲ್ಕು, ಮೂರು, ಎರಡು, ಒಂದು. ಎದ್ದು ನಿಂತು ಹ್ಯಾಂಡಲನ್ನು ಜಗ್ಗಿ ತುಳಿದೆ. ನಿಂತಲ್ಲಿಂದ ಹೊರಡುವಾಗ ಹ್ಯಾಂಡಲ್ ಮೇಲೆ ಎಷ್ಟು ಎಳೆತ ಬೀಳುತ್ತದೆ ಅಂತ ಸೈಕಲ್ ಹೊಡೆಯುವವರಿಗೆ ಹೇಳಬೇಕಾಗಿಲ್ಲ. ಎಂಟೋ ಹತ್ತೋ ಸಲ ತುಳಿದಿರಬೇಕು. ‘ಟಿಕ್’ ಅನ್ನಲಿಲ್ಲ. ಕಬ್ಬಿನ ಜಲ್ಲೆ ಮುರಿದ ಹಾಗೆ ‘ಲಟಕ್’ ಅಂತು. ಹ್ಯಾಂಡಲ್ ನನ್ನ ಕೈಯಲ್ಲೇ ಇತ್ತು, ಎದೆಯ ಹತ್ತಿರ, ಎರಡೂ ಬ್ರೇಕ್ ವೈರು ಜೋತುಬಿದ್ದಿತ್ತು. ಸೈಕಲ್ ಕೆಳಗೆ ತನ್ನ ಪಾಡಿಗೆ ಎಡಕ್ಕೆ ತಿರುಗಿಕೊಂಡಿತು. ಆಮೇಲೆ ರಸ್ತೆಯ ಜಲ್ಲಿ ನಾಲಿಗೆ ಮೇಲೆ.

ವೇಗ ಇಪ್ಪತ್ತೈದೂ ಇರಲಿಲ್ಲ. ವಾಲಂಟಿಯರ್ ಒಬ್ಬರು ತಮ್ಮ ಕಾರಿನ ಹಿಂದಿನ ಸೀಟಿಗೆ ಟವೆಲ್ ಹಾಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಮ್ಮ ಬಂದವಳು ಬಯ್ಯಲಿಲ್ಲ, ಅದೇ ಕಷ್ಟವಾಯಿತು. ಆರು ವಾರ ಕೈ ಜೋಳಿಗೆಯಲ್ಲಿ. ಕಾಲೇಜು ಶುರುವಾದಾಗ ನೋಟ್ಸನ್ನು ಬೇರೆಯವರ ಹತ್ತಿರ ಬರೆಸಿದೆ.

ಮುರಿದದ್ದು ಯಾಕೆ ಅಂತ ಗೊತ್ತಾಗಿದ್ದು ಕಾರ್ಬನ್ ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದಾಗ. ಫೋರ್ಕಿನ ಮೇಲ್ಭಾಗದಲ್ಲಿ ಒಂದು ಪೈಪ್ ಇರುತ್ತದೆ, ಸ್ಟೀರರ್ ಅಂತಾರೆ. ಅದು ಫ್ರೇಮಿನೊಳಗಿಂದ ಮೇಲೆ ಬಂದು ಸ್ಟೆಮ್ಮಿಗೆ ಸೇರುತ್ತದೆ. ಹ್ಯಾಂಡಲ್ ನಿಂತಿರುವುದೇ ಆ ಪೈಪಿನ ಮೇಲೆ. ಹೊರಗಿನಿಂದ ಅದು ಕಾಣುವುದೇ ಇಲ್ಲ. ಕಬ್ಬಿಣದ್ದೋ ಅಲಾಯ್‌ದೋ ಆದರೆ ಅದರೊಳಗೆ ನಕ್ಷತ್ರದ ಆಕಾರದ ಒಂದು ನಟ್ಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಾರೆ, ಸ್ಟಾರ್ ನಟ್ ಅಂತ. ಕಾರ್ಬನ್ ಪೈಪಿಗೆ ಅದನ್ನು ಬಡಿಯಬಾರದು. ಅದರ ಹಲ್ಲುಗಳು ಒಳಗಿನ ನೂಲನ್ನು ಕೊಯ್ದುಬಿಡುತ್ತವೆ. ಕಾರ್ಬನ್ನಿಗೆ ಬೇರೆಯದೇ ಒಂದು ಪ್ಲಗ್ ಇದೆ. ತಿರುಗಿಸಿದರೆ ಒಳಗಡೆ ಅಗಲವಾಗಿ ಕೂರುತ್ತದೆ, ಮೇಲಿನಿಂದ ಸ್ಟೆಮ್ ಬಿಗಿ ಮಾಡಿದಾಗ ಪೈಪ್ ಅಪ್ಪಚ್ಚಿಯಾಗದ ಹಾಗೆ ಒಳಗಿನಿಂದ ತಡೆಯುತ್ತದೆ. ನನ್ನ ಫೋರ್ಕಿನಲ್ಲಿ ಇದ್ದದ್ದು ಸ್ಟಾರ್ ನಟ್. ಒಳಗೆ ಅದು ಗೀರಿಕೊಂಡು ಇಳಿದ ಬಿಳಿ ಗೆರೆಗಳು ಕಾಣುತ್ತಿದ್ದವು, ಬೆಕ್ಕು ಪರಚಿದ ಹಾಗೆ. ಹೊರಗಡೆ ಸ್ಟೆಮ್ ಅಂಚು ಕೂರುವ ಜಾಗದಲ್ಲಿ ಒಂದು ಉಂಗುರದ ಗುರುತು. ಅದರಲ್ಲಿ ನನ್ನ ಅಲೆನ್ ಕೀಯ ಪಾಲೂ ಇದೆ. ಮೆಕ್ಯಾನಿಕ್ ಅದನ್ನು ಮುಲಾಜಿಲ್ಲದೆ ಹೇಳಿದರು.

ಅಣ್ಣನಿಗೆ ಫೋಟೋ ಕಳಿಸಿದೆ. ಎರಡು ದಿನ ನೀಲಿ ಗುರುತು ಮಾತ್ರ. ಮೂರನೇ ದಿನ ‘ಸೆಕೆಂಡ್ ಹ್ಯಾಂಡ್ ಅಂದ್ರೆ ಹಾಗೇ ಮಗಾ, ನೋಡ್ಕೊಂಡು ತಾನೇ ತಗೊಂಡೆ’ ಅಂತ ಬಂತು. ಅಷ್ಟೇ. ನಂಬರ್ ಬ್ಲಾಕ್. ವಕೀಲರಾಗಿರುವ ಚಿಕ್ಕಪ್ಪನನ್ನು ಕೇಳಿದೆ. ಅಂಗಡಿಯವನಾಗಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು, ತನ್ನ ಸ್ವಂತ ಸೈಕಲ್ಲನ್ನು ಒಂದು ಸಲ ಮಾರಿದವನ ಮೇಲೆ ಅದು ನಿಲ್ಲುವುದು ಕಷ್ಟ ಅಂದರು. ಸಿವಿಲ್ ಕೇಸ್ ಹಾಕಬಹುದು, ಆದರೆ ಬಿದ್ದ ಸೈಕಲ್ ಅಂತ ಗೊತ್ತಿದ್ದೂ ಮುಚ್ಚಿಟ್ಟ ಅನ್ನುವುದಕ್ಕೆ ಕಾಗದ ಎಲ್ಲಿ? ನನ್ನ ಹತ್ತಿರ ಇದ್ದದ್ದು ಒಂದು ಯುಪಿಐ ರಸೀದಿ, ಅದರಲ್ಲಿ ‘ಸೈಕಲ್’ ಅಂತ ಒಂದೇ ಪದ. ‘ಈ ಸೈಕಲ್ ಯಾವತ್ತಾದರೂ ಬಿದ್ದಿದೆಯಾ, ರಿಪೇರಿ ಆಗಿದೆಯಾ’ ಅಂತ ವಾಟ್ಸಾಪಿನಲ್ಲಿ ಒಂದು ಸಾಲು ಮೊದಲೇ ಕೇಳಿ ಉತ್ತರ ಇಟ್ಟುಕೊಂಡಿದ್ದರೆ ಮಾತು ಬೇರೆ ಇರುತ್ತಿತ್ತು ಅಂದರು ಚಿಕ್ಕಪ್ಪ. ನೀವಾದರೂ ಕೇಳಿ.

ಮೊನ್ನೆ ಕಾಲೇಜಿನ ಜೂನಿಯರ್ ಒಬ್ಬ ಇಂಥದ್ದೇ ಸೈಕಲ್ ನೋಡಲು ಜೆ.ಪಿ. ನಗರಕ್ಕೆ ಹೊರಟಿದ್ದ. ನಾನೂ ಹೋದೆ. ಹಗಲು ಹೊತ್ತಿನಲ್ಲೇ ಹೋಗೋಣ ಅಂತ ಹಟ ಹಿಡಿದೆ. ಮೊದಲು ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲ್ ಬುಡದಲ್ಲಿರುವ ಫ್ರೇಮ್ ನಂಬರ್ ನೋಡಿ ಬಿಲ್ಲಿಗೆ ತಾಳೆ ಹಾಕಿದೆವು. ಮೇಲಿನ ಕ್ಯಾಪ್ ತೆಗೆಸಿ ಮೊಬೈಲ್ ಟಾರ್ಚ್ ಬಿಟ್ಟು ಇಣುಕಿದೆವು, ಒಳಗೆ ಇದ್ದದ್ದು ಸರಿಯಾದ ಪ್ಲಗ್ಗೇ. ಆಮೇಲೆ ಫೋರ್ಕ್ ಇಳಿಸಿದೆವು. ಹತ್ತಿ ಬಟ್ಟೆಯಿಂದ ಪೂರ್ತಿ ಸವರಿದೆ. ಎಲ್ಲಾದರೂ ನೂಲು ಎದ್ದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ನಾಣ್ಯದಲ್ಲಿ ತಟ್ಟಿದೆ. ಪೈಪು ಪೈಪು ಸೇರುವಲ್ಲಿ ಸದ್ದು ಹೇಗೂ ಬದಲಾಗುತ್ತದೆ, ಅದಕ್ಕೇ ಗಾಬರಿ ಬೀಳಬೇಡಿ. ಒಂದೇ ಪೈಪಿನ ನಡುವೆ ಥಟ್ಟನೆ ಸತ್ತ ಸದ್ದು ಬಂದರೆ ಮಾತ್ರ ಅನುಮಾನ ಪಡಿ. ಮಾರುವವರು ವಯಸ್ಸಾದವರು, ಬೇಸರ ಮಾಡಿಕೊಳ್ಳಲಿಲ್ಲ. ತಾವೇ ಅಲೆನ್ ಕೀ ತಂದುಕೊಟ್ಟು, ಮಧ್ಯೆ ಕಾಫಿಯನ್ನೂ ಕೊಟ್ಟರು. ಆ ಸೈಕಲ್ ಚೆನ್ನಾಗಿತ್ತು, ಜೂನಿಯರ್ ತೆಗೆದುಕೊಂಡ. ಹೆಲ್ಮೆಟ್ಟನ್ನೂ ಫ್ರೀ ಕೊಡುತ್ತೇನೆ ಅಂದರು, ಅದನ್ನು ಮಾತ್ರ ಬೇಡ ಅಂದೆ. ಒಂದು ಸಲ ಬಿದ್ದ ಹೆಲ್ಮೆಟ್ಟಿನ ಒಳಗಿನ ಥರ್ಮಾಕೋಲಿನಂಥ ಪದರ ಜಜ್ಜಿಹೋಗಿರುತ್ತದೆ, ಹೊರಗೆ ಕಾಣುವುದಿಲ್ಲ. ಬಿದ್ದಿದೆಯೋ ಇಲ್ಲವೋ ಯಾರಿಗೆ ಗೊತ್ತು. ಹೆಲ್ಮೆಟ್ ಹೊಸದೇ ತೆಗೆದುಕೊಳ್ಳಿ.

ನನ್ನ ಫ್ರೇಮ್ ಮೂರು ತಿಂಗಳು ಬಾಲ್ಕನಿಯಲ್ಲಿ ನೇತಾಡುತ್ತಿತ್ತು. ಯಾರೋ ಒಬ್ಬ ಫೋಟೋ ನೋಡಿ ‘15 ಸಾವಿರ ಕೊಡ್ತೀನಿ ಬ್ರೋ, ಬೇರೆ ಫೋರ್ಕ್ ಹಾಕಿ ಪೇಂಟ್ ಮಾಡಿಸ್ಕೋತೀನಿ’ ಅಂತ ಮೆಸೇಜ್ ಮಾಡಿದ. 15 ಸಾವಿರ ಅಂದಾಗ ಅಜ್ಜಿಯ ಮುಖ ನೆನಪಾಯಿತು, ಸುಳ್ಳು ಹೇಳುವುದಿಲ್ಲ. ಒಂದು ರಾತ್ರಿ ಪೂರ್ತಿ ಯೋಚನೆ ಮಾಡಿದೆ. ಬೆಳಗ್ಗೆ ಫ್ರೇಮ್ ಎತ್ತಿಕೊಂಡು ತಾತನ ಮರದ ಕೆಳಗೆ ಹೋದೆ.

‘ತಾತ, ಹ್ಯಾಕ್ಸಾ ಇದೆಯಾ?’

ಅವರು ನನ್ನ ಹಲ್ಲನ್ನು ನೋಡಿದರು, ಏನೂ ಕೇಳಲಿಲ್ಲ. ಕಾರ್ಬನ್ ಪುಡಿ ಎದೆಗೆ ಹೋಗಬಾರದು ಅಂತ ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡೆವು. ಬಾಂಡ್ಲಿಯಿಂದ ನೀರು ಚಿಮುಕಿಸುತ್ತಾ ಕೊಯ್ದೆವು. ದಬ್ ಅಂದಿದ್ದ ಜಾಗದಲ್ಲೇ ಗರಗಸ ಇಟ್ಟಿದ್ದು ತಾತ. ತುಂಡು ಬಿದ್ದಾಗ ಎತ್ತಿ ನೋಡಿದೆ. ಕಪ್ಪು ಬಣ್ಣದ ಕೆಳಗೆ, ಬೆರಳು ದಪ್ಪ, ಕಾರಿನ ಟಿಂಕರಿಂಗ್ ಅಂಗಡಿಯಲ್ಲಿ ಮೆತ್ತುತ್ತಾರಲ್ಲ, ಅದೇ ಹಳದಿ ಬಾಡಿ ಪುಟ್ಟಿ. ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು.